ಬರೆಯುವ ಕೈ ಒಂದೇ: ಮಿನಿಡಿಸ್ಕ್‌ಗಳ ಕಾಲದ ನೆನಪು

ಐಬಿಎಂ ಮೇನ್‌ಫ್ರೇಮ್ ಮೇಲೆ ಓಡುವ ವಿಎಂ ಎಂಬ ವ್ಯವಸ್ಥೆ ಒಂದೇ ಯಂತ್ರವನ್ನು ನೂರಾರು ವರ್ಚುವಲ್ ಯಂತ್ರಗಳಾಗಿ ಹಂಚುತ್ತದೆ. ಪ್ರತಿಯೊಂದಕ್ಕೂ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ತನ್ನದೇ ಡಿಸ್ಕ್ ಇದೆ ಎಂಬ ಭಾವನೆ ಬರುವಂತೆ ನೋಡಿಕೊಳ್ಳುತ್ತದೆ. ಪ್ರೊಸೆಸರ್ ಹಂಚಿಕೆಯಲ್ಲಿ ಎಡವಿದರೆ ಕೆಲಸ ನಿಧಾನವಾಗುತ್ತದೆ. ಲೆಕ್ಕ ಸರಿಪಡಿಸಿದರೆ ವೇಗ ಮರಳುತ್ತದೆ. ಡಿಸ್ಕಿನ ಹಕ್ಕುಗಳನ್ನು ಬರೆಯುವಾಗ ಎಡವಿದರೆ ಹಾಗಲ್ಲ. ಅಲ್ಲಿ ಹಾಳಾಗುವುದು ದತ್ತಾಂಶ, ಅದು ತಾನಾಗಿ ಮರಳುವುದಿಲ್ಲ. ಈ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರ ನೆನಪಿನಲ್ಲಿ ಡಿಸ್ಕಿನ ಒಂದೊಂದು ಸಾಲೂ ಅಷ್ಟು ಸ್ಪಷ್ಟವಾಗಿ ಉಳಿದಿರುವುದಕ್ಕೆ ಕಾರಣ ಇದೇ. ಈ ಬರಹಗಾರನ ನೆನಪೂ ಅದಕ್ಕೆ ಹೊರತಲ್ಲ.

ವಿಎಂನ ಮೂಲ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸೈಂಟಿಫಿಕ್ ಸೆಂಟರ್. ರಾಬರ್ಟ್ ಕ್ರೀಸಿ ಅವರ ತಂಡ 1964ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಮಾರ್ಪಡಿಸಿದ ಸಿಸ್ಟಮ್/360 ಮಾಡೆಲ್ 40 ಯಂತ್ರದ ಮೇಲೆ ಓಡಿದ ಸಿಪಿ-40 ಏಕಕಾಲಕ್ಕೆ 14 ವರ್ಚುವಲ್ ಯಂತ್ರಗಳನ್ನು ನಡೆಸುತ್ತಿತ್ತು. ಅದರ ಬೆನ್ನಿಗೆ ಮಾಡೆಲ್ 67ಕ್ಕಾಗಿ ಸಿಪಿ-67 ಬಂತು. 1972ರ ಆಗಸ್ಟ್‌ನಲ್ಲಿ ವಿಎಂ/370 ಪ್ರಕಟವಾಯಿತು. ಮುಂದೆ ಹೆಸರು ಹಲವು ಬಾರಿ ಬದಲಾಗಿ, 2000ದಲ್ಲಿ ಝೆಡ್/ವಿಎಂ ಎಂದಾಯಿತು. ಇಷ್ಟೆಲ್ಲ ಬದಲಾದರೂ ಎರಡು ಭಾಗಗಳು ಉಳಿದುಕೊಂಡವು: ಯಂತ್ರವನ್ನು ಹಂಚುವ ಸಿಪಿ, ಬಳಕೆದಾರ ಕುಳಿತು ಕೆಲಸ ಮಾಡುವ ಸಿಎಂಎಸ್. ಡಿಸ್ಕನ್ನು ತುಂಡು ಮಾಡಿ ಹಂಚುವ ಮಿನಿಡಿಸ್ಕ್ ಕೂಡ ಸಿಪಿ-67ರ ಕಾಲದಿಂದ ಜೊತೆಯಲ್ಲೇ ಬಂದದ್ದು.

ಮಿನಿಡಿಸ್ಕ್ ಎಂದರೆ ನಿಜವಾದ ಡಿಸ್ಕ್ ವಾಲ್ಯೂಮಿನ ಮೇಲೆ ಒಂದಕ್ಕೊಂದು ಅಂಟಿಕೊಂಡಿರುವ ಸಿಲಿಂಡರ್‌ಗಳ ಒಂದು ತುಂಡು. ದೊಡ್ಡ ಸರ್ವೆ ನಂಬರನ್ನು ಪೋಡಿ ಮಾಡಿ, ಹದ್ದು ಗುರುತಿಸಿ, ಒಬ್ಬೊಬ್ಬರ ಹೆಸರಿಗೆ ಪಹಣಿ ಬರೆಯುವಂತೆ ವಾಲ್ಯೂಮನ್ನು ತುಂಡುಗಳಾಗಿ ಬರೆದಿಡಲಾಗುತ್ತದೆ. 1989ರಲ್ಲಿ ಬಂದ 3390 ಡಿಸ್ಕಿನ ಅಳತೆಗಳು ಇಂದಿಗೂ ಈ ಲೆಕ್ಕದ ಮಾನದಂಡ. ಅದರಲ್ಲಿ ಒಂದು ಟ್ರ್ಯಾಕಿಗೆ 56,664 ಬೈಟ್, ಒಂದು ಸಿಲಿಂಡರಿಗೆ 15 ಟ್ರ್ಯಾಕ್. ಮಾಡೆಲ್ 3ರಲ್ಲಿ 3,339 ಸಿಲಿಂಡರ್, ಅಂದರೆ ಸುಮಾರು 2.8 ಗಿಗಾಬೈಟ್, ಮಾಡೆಲ್ 9ರಲ್ಲಿ 10,017 ಸಿಲಿಂಡರ್, ಸುಮಾರು 8.5 ಗಿಗಾಬೈಟ್. ತಿರುಗುವ ಆ ಹಳೆಯ 3390 ಪೆಟ್ಟಿಗೆಗಳು ಈಗ ಡೇಟಾ ಸೆಂಟರ್‌ಗಳಲ್ಲಿಲ್ಲ. ಹೊಸ ಸ್ಟೋರೇಜ್ ಯಂತ್ರಗಳು ಒಳಗೆ ಬೇರೆಯೇ ರೀತಿ ಕೆಲಸ ಮಾಡುತ್ತ, ಹೊರಗೆ ಮಾತ್ರ 3390ಯಂತೆಯೇ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಸಿಲಿಂಡರ್ ಲೆಕ್ಕ ತಪ್ಪಿಲ್ಲ. ಸಿಎಂಎಸ್‌ಗೆಂದು 4,096 ಬೈಟಿನ ಬ್ಲಾಕ್‌ಗಳಲ್ಲಿ ಫಾರ್ಮ್ಯಾಟ್ ಮಾಡಿದರೆ ಒಂದು ಸಿಲಿಂಡರಿನಲ್ಲಿ 180 ಬ್ಲಾಕ್ ಹಿಡಿಯುತ್ತವೆ ಎಂಬುದು ಆ ಕಾಲದ ಸಿಸ್ಟಮ್ಸ್ ಪ್ರೋಗ್ರಾಮರ್‌ಗಳಿಗೆ ಮಗ್ಗಿಯಷ್ಟೇ ಬಾಯಿಪಾಠ.

ಈ ಎಲ್ಲ ತುಂಡುಗಳ ದಾಖಲೆ ಇರುವುದು ಯೂಸರ್ ಡೈರೆಕ್ಟರಿಯಲ್ಲಿ. ಪ್ರತಿ ವರ್ಚುವಲ್ ಯಂತ್ರಕ್ಕೂ ಅಲ್ಲಿ ಒಂದು ವಿವರಣೆ. ಅದರ ಕೆಳಗೆ ಅದರ ಡಿಸ್ಕ್‌ಗಳು, ಒಂದೊಂದಕ್ಕೆ ಒಂದೊಂದು ಸಾಲು. ಉದಾಹರಣೆಗೆ ‘ಎಂಡಿಸ್ಕ್ 0191 3390 0101 0050 ವಿಎಂಯು01 ಎಂಆರ್’ ಎಂಬ ಸಾಲನ್ನು ತೆಗೆದುಕೊಳ್ಳಬಹುದು. 0191 ಎಂಬುದು ವರ್ಚುವಲ್ ಯಂತ್ರಕ್ಕೆ ಕಾಣುವ ಡಿಸ್ಕಿನ ವಿಳಾಸ. 3390 ಡಿಸ್ಕಿನ ಬಗೆ. ತುಂಡು ಆರಂಭವಾಗುವುದು 101ನೇ ಸಿಲಿಂಡರಿನಿಂದ, ಅದರ ಉದ್ದ 50 ಸಿಲಿಂಡರ್. ವಿಎಂಯು01 ನಿಜವಾದ ವಾಲ್ಯೂಮಿನ ಲೇಬಲ್. ಕೊನೆಯ ಎಂಆರ್ ಎಂಬ ಎರಡಕ್ಷರವೇ ಪ್ರವೇಶದ ಮೋಡ್. ಅದರ ಮುಂದೆ ಬೇಕಿದ್ದರೆ ಓದಲು, ಬರೆಯಲು, ಹಲವರೊಂದಿಗೆ ಬರೆಯಲು ಎಂದು ಮೂರು ಪಾಸ್‌ವರ್ಡ್ ಸೇರಿಸಬಹುದು. ವರ್ಚುವಲ್ ಯಂತ್ರ ತನ್ನ ಡಿಸ್ಕಿನ ಸೊನ್ನೆಯ ಸಿಲಿಂಡರ್ ಕೇಳಿದರೆ ಸಿಪಿ ಅದನ್ನು ನಿಜವಾದ 101ಕ್ಕೆ ತಿರುಗಿಸುತ್ತದೆ. 50 ಸಿಲಿಂಡರಿನ ಹದ್ದು ದಾಟಿದರೆ ತಡೆಯುತ್ತದೆ. ಈ ಹದ್ದುಗಾವಲು ಎಂದೂ ಸಡಿಲವಾಗದು. ಅಪಾಯ ಇರುವುದು ಒಂದೇ ಹದ್ದಿನ ಒಳಗೆ ಇಬ್ಬರನ್ನು ಬಿಟ್ಟಾಗ.

ಮೋಡ್‌ಗಳು ನೋಡಲು ಕಠಿಣ, ಕಲಿತರೆ ಸರಳ. ಮೊದಲ ಅಕ್ಷರ ಬೇಕಾದದ್ದನ್ನು ಹೇಳುತ್ತದೆ. ಎರಡನೆಯ ಅಕ್ಷರ, ಅದು ಸಿಗದಿದ್ದರೆ ಯಾವುದಕ್ಕೆ ಒಪ್ಪಿಗೆ ಎಂಬುದನ್ನು. ಬರೀ ಆರ್ ಎಂದರೆ ಬೇರೆ ಯಾರೂ ಬರೆಯುತ್ತಿಲ್ಲದಿದ್ದರೆ ಮಾತ್ರ ಓದಲು ಅವಕಾಶ. ಆರ್‌ಆರ್ ಎಂದರೆ ಯಾರು ಬರೆಯುತ್ತಿದ್ದರೂ ಓದಲು ಅವಕಾಶ. ಡಬ್ಲ್ಯು ಎಂದರೆ ಆ ಡಿಸ್ಕಿಗೆ ಇನ್ನಾವ ಲಿಂಕೂ, ಅಂದರೆ ಇನ್ನಾವ ಯಂತ್ರದ ಜೋಡಣೆಯೂ, ಇಲ್ಲದಿದ್ದರೆ ಮಾತ್ರ ಬರೆಯಲು ಅವಕಾಶ. ಡಬ್ಲ್ಯುಆರ್ ಆದರೆ, ಅದು ಸಾಧ್ಯವಾಗದಿದ್ದಲ್ಲಿ ಓದುವುದಕ್ಕಾದರೂ ಅವಕಾಶ. ಎಂ ಎಂದರೆ ಓದುವವರು ಎಷ್ಟೇ ಇರಲಿ, ಬರೆಯುವವರು ಇನ್ನೊಬ್ಬರಿಲ್ಲದಿದ್ದರೆ ಬರೆಯಲು ಅವಕಾಶ. ಎಂಆರ್ ಆದರೆ, ಬರೆಯುವವರು ಈಗಾಗಲೇ ಇದ್ದಲ್ಲಿ ಓದಲು ಮಾತ್ರ. ಎಂಡಬ್ಲ್ಯು ಎಂದರೆ ಯಾವ ಪ್ರಶ್ನೆಯನ್ನೂ ಕೇಳದೆ ಬರೆಯಲು ಬಿಡುವುದು.

ಇವುಗಳಲ್ಲಿ ದಿನಬಳಕೆಗೆ ಹಾಕುತ್ತಿದ್ದದ್ದು ಎಂಆರ್. ಓದುವವರು ಎಷ್ಟಾದರೂ ಇರಲಿ, ಬರೆಯುವ ಕೈ ಒಂದೇ ಇರಲಿ ಎಂಬ ನಿಯಮವನ್ನು ಅದು ಎರಡಕ್ಷರದಲ್ಲಿ ಕಾಯುತ್ತದೆ. ಬೆಳಗ್ಗೆ ಲಾಗಾನ್ ಆದವರಿಗೆ ಕೆಲವೊಮ್ಮೆ ತಮ್ಮ 191ನೇ ಡಿಸ್ಕೇ ಓದಲು ಮಾತ್ರ ಸಿಕ್ಕಿದೆ, ಬರೆಯುವ ಹಕ್ಕು ಇಂಥವರ ಬಳಿ ಇದೆ ಎಂಬ ಸಂದೇಶ ಹಸಿರು ತೆರೆಯ ಮೇಲೆ ಕಾಣುತ್ತಿತ್ತು. ಫೈಲ್ ಉಳಿಸಲಾಗದೆ ಹಲವರು ಬೇಸರಪಡುತ್ತಿದ್ದರು. ಸಂದೇಶದಲ್ಲಿ ಹೆಸರಿದ್ದವರಿಗೆ ಫೋನ್ ಮಾಡಿ ಲಿಂಕ್ ಬಿಡಿಸಿಕೊಂಡು, ಮತ್ತೆ ತಾವೇ ಲಿಂಕ್ ಮಾಡಿದರೆ ಕೆಲಸ ಮುಂದುವರಿಯುತ್ತಿತ್ತು. ಆ ಅಡ್ಡಿಯನ್ನು ತಪ್ಪಿಸಲು ಎಂಡಬ್ಲ್ಯು ಹಾಕಿಕೊಡಿ ಎಂಬ ಕೋರಿಕೆ ಪ್ರತಿ ಕಚೇರಿಯಲ್ಲೂ ಬರುತ್ತಿತ್ತು. ಅದನ್ನು ಒಪ್ಪದಿರುವುದೇ ಒಳ್ಳೆಯ ನಿರ್ವಹಣೆಯ ಮೊದಲ ಲಕ್ಷಣವಾಗಿತ್ತು.

ಒಪ್ಪದಿರಲು ಗಟ್ಟಿ ಕಾರಣವಿದೆ. ಸಿಎಂಎಸ್ ಒಂದು ಡಿಸ್ಕನ್ನು ತೆರೆದಾಗ, ಆ ಡಿಸ್ಕಿನ ಮೇಲಿರುವ ಫೈಲ್‌ಗಳ ಪಟ್ಟಿಯನ್ನು ತನ್ನ ಮೆಮೊರಿಗೆ ತಂದುಕೊಳ್ಳುತ್ತದೆ. ಮುಂದಿನ ಕೆಲಸವೆಲ್ಲ ಆ ಪ್ರತಿಯನ್ನು ನಂಬಿ. ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕವೂ ಆ ಪ್ರತಿಯಲ್ಲೇ ಇರುತ್ತದೆ. ಇಬ್ಬರು ಬರೆಯುವ ಹಕ್ಕಿನಿಂದ ಅದೇ ಡಿಸ್ಕ್ ತೆರೆದರೆ ಇಬ್ಬರ ಲೆಕ್ಕದಲ್ಲೂ ಅದೇ ಬ್ಲಾಕ್ ಖಾಲಿ ಎಂದಿರುತ್ತದೆ. ಇಬ್ಬರೂ ಅಲ್ಲೇ ಬರೆಯುತ್ತಾರೆ, ಕೊನೆಗೆ ಯಾರ ಪಟ್ಟಿ ಡಿಸ್ಕಿಗೆ ಹೋಯಿತೋ ಅದು ಮತ್ತೊಬ್ಬರ ಪಟ್ಟಿಯನ್ನು ಅಳಿಸುತ್ತದೆ. ಓದುವವರಿಗೂ ಇದರ ಬಿಸಿ ತಟ್ಟದೆ ಇರದು. ಅವರ ಕೈಯಲ್ಲಿರುವ ಪಟ್ಟಿ ಹಳೆಯದಾದಾಗ ಫೈಲ್ ಕಾಣುವುದಿಲ್ಲ, ಅಥವಾ ಓದುವಾಗ ದೋಷ ಬರುತ್ತದೆ. ಡಿಸ್ಕನ್ನು ಮತ್ತೊಮ್ಮೆ ತೆರೆದು ಹೊಸ ಪಟ್ಟಿ ತಂದುಕೊಳ್ಳಬೇಕು. ಸಿಪಿ ನೋಡುವುದು ಲಿಂಕ್ ಮಾಡುವ ಕ್ಷಣದ ಹಕ್ಕನ್ನು ಮಾತ್ರ. ಒಳಗಿನ ಬರಹ ಒಂದಕ್ಕೊಂದು ಹೊಂದುತ್ತದೆಯೇ ಎಂಬುದು ಅದರ ಜವಾಬ್ದಾರಿಯಲ್ಲ. ಇಡೀ ವಿಷಯದ ತಿರುಳು ಇಷ್ಟೇ.

ಎಲ್ಲರೂ ಹಂಚಿಕೊಳ್ಳುವ ಡಿಸ್ಕ್‌ಗಳಲ್ಲಿ ಈ ಶಿಸ್ತು ಚೆನ್ನಾಗಿ ಕಾಣುತ್ತಿತ್ತು. ಸಿಎಂಎಸ್‌ನ ಸ್ವಂತ ಫೈಲ್‌ಗಳಿರುವ 190, ಸಾಮಾನ್ಯ ಉಪಕರಣಗಳಿರುವ 19ಇ ಇವೆರಡೂ ಮೇಂಟ್ ಎಂಬ ನಿರ್ವಹಣಾ ಯಂತ್ರದ ಸೊತ್ತು. ಉಳಿದವರೆಲ್ಲರ ಡೈರೆಕ್ಟರಿಯಲ್ಲೂ ಅವಕ್ಕೆ ಆರ್‌ಆರ್ ಲಿಂಕ್ ಇರುತ್ತಿತ್ತು. ಸಾವಿರ ಜನ ಒಂದೇ ಪ್ರತಿಯಿಂದ ಓದುವುದರಿಂದ ಜಾಗ ಉಳಿಯುತ್ತಿತ್ತು, ಒಂದೇ ಕಡೆ ಬದಲಾಯಿಸಿದರೆ ಎಲ್ಲರಿಗೂ ಬದಲಾಗುತ್ತಿತ್ತು. ಆ ಬದಲಾವಣೆಯನ್ನು ನೇರವಾಗಿ 190ರ ಮೇಲೆ ಮಾಡುವ ಪದ್ಧತಿ ಇರಲಿಲ್ಲ. ಮೊದಲು 490 ಎಂಬ ಪರೀಕ್ಷಾ ಡಿಸ್ಕಿನ ಮೇಲೆ ಮಾಡಿ, ಪರೀಕ್ಷಿಸಿ, ಆಮೇಲೆ ಬಳಕೆ ಕಡಿಮೆ ಇರುವ ಹೊತ್ತಿನಲ್ಲಿ ನಕಲು ಮಾಡಲಾಗುತ್ತಿತ್ತು.

ಹಕ್ಕಿನ ರಕ್ಷಣೆ ಮೊದಲಿಗೆ ಪಾಸ್‌ವರ್ಡ್‌ಗಳ ಮೇಲೆ ನಿಂತಿತ್ತು. ಓದುವ ಪಾಸ್‌ವರ್ಡಿನ ಜಾಗದಲ್ಲಿ ‘ಆಲ್’ ಎಂದು ಬರೆದರೆ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಲಿಂಕ್ ಮಾಡಬಹುದಿತ್ತು. ಡೈರೆಕ್ಟರಿಯಲ್ಲೇ ಬರೆದ ಲಿಂಕ್ ಸಾಲಿಗೆ ಪಾಸ್‌ವರ್ಡ್ ಬೇಕಿರಲಿಲ್ಲ. ಈ ಪಾಸ್‌ವರ್ಡ್‌ಗಳೆಲ್ಲ ಡೈರೆಕ್ಟರಿಯ ಮೂಲ ಫೈಲಿನಲ್ಲಿ ಬಿಡಿಬಿಡಿಯಾಗಿ, ಓದಲು ಬರುವಂತೆ ಇರುತ್ತಿದ್ದವು. ಆ ಫೈಲ್ ನೋಡಬಲ್ಲವರಿಗೆ ಎಲ್ಲವೂ ತೆರೆದಂತೆ. ರ್‍ಯಾಕ್‌ಎಫ್‌ನಂತಹ ಭದ್ರತಾ ತಂತ್ರಾಂಶ ಬಂದ ಮೇಲೆ ಪಾಸ್‌ವರ್ಡ್ ಹಂಚಿಕೊಳ್ಳುವ ಅಗತ್ಯ ಹೋಯಿತು. ಅದರಲ್ಲಿ ‘ಮೇಂಟ್.190’ ಎಂಬಂತೆ ಒಡೆಯನ ಹೆಸರು ಮತ್ತು ಡಿಸ್ಕಿನ ವಿಳಾಸ ಸೇರಿದ ಒಂದು ದಾಖಲೆ ಇರುತ್ತದೆ, ಯಾರಿಗೆ ಯಾವ ಮಟ್ಟದ ಹಕ್ಕು ಎಂಬುದು ಅಲ್ಲಿ ಬರೆದಿರುತ್ತದೆ. ರೀಡ್ ಮಟ್ಟಕ್ಕೆ ಆರ್, ಆರ್‌ಆರ್. ಅಪ್‌ಡೇಟ್‌ಗೆ ಡಬ್ಲ್ಯು, ಡಬ್ಲ್ಯುಆರ್. ಕಂಟ್ರೋಲ್‌ಗೆ ಎಂ, ಎಂಆರ್. ಆಲ್ಟರ್ ಇದ್ದವರಿಗೆ ಮಾತ್ರ ಎಂಡಬ್ಲ್ಯು. ಯಾರು, ಯಾವಾಗ, ಯಾವ ಡಿಸ್ಕಿಗೆ ಲಿಂಕ್ ಮಾಡಿದರು ಎಂಬ ದಾಖಲೆ ಸಿಗುವಂತಾದದ್ದು ಲೆಕ್ಕಪರಿಶೋಧಕರಿಗೂ, ಆಮೇಲೆ ಕಾರಣ ಹುಡುಕುವವರಿಗೂ ದೊಡ್ಡ ಸಹಾಯವಾಯಿತು.

ಇನ್ನೊಂದು ಅಪಾಯ ಮೋಡಿಗೆ ಸಂಬಂಧಿಸಿದ್ದಲ್ಲ, ಅಳತೆಗೆ ಸಂಬಂಧಿಸಿದ್ದು. 101ರಿಂದ 50 ಸಿಲಿಂಡರ್ ಎಂದರೆ ಆ ತುಂಡು 150ಕ್ಕೆ ಮುಗಿಯುತ್ತದೆ. ಮುಂದಿನದು 151ರಿಂದ ಆರಂಭವಾಗಬೇಕು. ಅದನ್ನು 150ರಿಂದ ಎಂದು ಬರೆದರೆ ಒಂದು ಸಿಲಿಂಡರ್ ಇಬ್ಬರ ಪಾಲಾಗುತ್ತದೆ. ಮೋಡ್ ಎಂಆರ್ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಸಿಪಿಯ ಕಣ್ಣಿಗೆ ಅವು ಎರಡು ಬೇರೆ ಡಿಸ್ಕ್‌ಗಳು. ಡೈರೆಕ್ಟರಿಯನ್ನು ಚಾಲ್ತಿಗೆ ತರುವ ಡೈರೆಕ್ಟ್‌ಎಕ್ಸ್‌ಎ ಆದೇಶ ಸಾಲಿನ ವ್ಯಾಕರಣ ನೋಡುತ್ತದೆ, ಹದ್ದಿನ ಮೇಲೆ ಹದ್ದು ಬಿದ್ದಿರುವುದನ್ನು ಹೇಳುವುದಿಲ್ಲ. ಅದಕ್ಕೆಂದೇ ಡಿಸ್ಕ್‌ಮ್ಯಾಪ್ ಇದೆ. ಅದು ವಾಲ್ಯೂಮ್‌ವಾರು ಪಟ್ಟಿ ಮಾಡಿ ಎಲ್ಲಿ ಖಾಲಿ, ಎಲ್ಲಿ ಒಂದರ ಮೇಲೊಂದು ಬಿದ್ದಿದೆ ಎಂದು ತೋರಿಸುತ್ತದೆ. ಸೊನ್ನೆಯ ಸಿಲಿಂಡರಿನಲ್ಲಿ ವಾಲ್ಯೂಮಿನ ಲೇಬಲ್ ಇರುವುದರಿಂದ ಸಾಮಾನ್ಯ ಮಿನಿಡಿಸ್ಕ್‌ಗಳನ್ನು 1ರಿಂದ ಆರಂಭಿಸುವುದು ರೂಢಿ. ಕೈಯಲ್ಲಿ ಲೆಕ್ಕ ಹಾಕುವ ಈ ಹೊರೆಯನ್ನು ಡಿರ್‌ಮೇಂಟ್ ಎಂಬ ತಂತ್ರಾಂಶ ಬಹುಮಟ್ಟಿಗೆ ಇಳಿಸಿತು. ವಾಲ್ಯೂಮ್‌ಗಳ ಗುಂಪನ್ನು ಹೇಳಿ ಇಷ್ಟು ಸಿಲಿಂಡರ್ ಬೇಕು ಎಂದರೆ ಖಾಲಿ ಜಾಗವನ್ನು ಅದೇ ಹುಡುಕಿಕೊಡುತ್ತದೆ.

ಈ ಕಥೆಗೆ ಬೆಂಗಳೂರು ಸೇರಿದ್ದು ತಡವಾಗಿ. 1978ರಲ್ಲಿ ಭಾರತ ಬಿಟ್ಟಿದ್ದ ಐಬಿಎಂ, 1992ರಲ್ಲಿ ಟಾಟಾ ಸಮೂಹದ ಜೊತೆಗೂಡಿ ಈ ಊರಿನಿಂದಲೇ ಮತ್ತೆ ಕೆಲಸ ಆರಂಭಿಸಿತು. ದೂರದ ದೇಶಗಳ ಡೇಟಾ ಸೆಂಟರ್‌ಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ತಂಡಗಳು 2000ದ ನಂತರ ಬೆಂಗಳೂರಿನ ಹಲವು ಕಂಪನಿಗಳಲ್ಲಿ ಬೆಳೆದವು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಶನಿವಾರ ನಡುರಾತ್ರಿ ಬದಲಾವಣೆಗೆ ಸಮಯ ಕೊಟ್ಟರೆ ಇಲ್ಲಿ ಭಾನುವಾರ ಬೆಳಗಿನ ಒಂಬತ್ತೂವರೆ ಅಥವಾ ಹತ್ತೂವರೆ. ಊರೆಲ್ಲ ರಜೆಯಲ್ಲಿರುವಾಗ ಕನ್ನಡ, ತಮಿಳು, ತೆಲುಗು ಮಾತಾಡುವ ಎಳೆಯರು 3270 ಟರ್ಮಿನಲ್ ತೆರೆಯ ಮುಂದೆ ಕುಳಿತು, ಎಂದೂ ಕಣ್ಣಾರೆ ಕಾಣದ ಯಂತ್ರದ ಸಿಲಿಂಡರ್ ಎಣಿಸುತ್ತಿದ್ದರು. ಈ ಬರಹಗಾರ ಕೆಲಸ ಕಲಿತದ್ದೂ ಅಂಥ ಕೋಣೆಯಲ್ಲಿ. ಅಲ್ಲಿನ ಹಿರಿಯರು ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಆದೇಶಗಳನ್ನಲ್ಲ, ಒಂದು ಪ್ರಶ್ನೆಯನ್ನು: ಈ ಡಿಸ್ಕಿಗೆ ಬರೆಯುವವರು ಯಾರು? ಉತ್ತರ ಒಂದು ಹೆಸರಾಗಿದ್ದರೆ ಮುಂದಿನ ಸಾಲು ಬರೆಯಬಹುದು. ಎರಡು ಹೆಸರಾಗಿದ್ದರೆ ಕೆಲಸ ನಿಲ್ಲಿಸಿ ಮಾತಾಡಬೇಕು.

ಆ ಪ್ರಶ್ನೆಯ ಬೆಲೆ ಪೂರ್ತಿ ತಿಳಿದದ್ದು ಲಿನಕ್ಸ್ ಬಂದ ಮೇಲೆ. 1999ರ ಕೊನೆಯಲ್ಲಿ ಐಬಿಎಂ ಮೇನ್‌ಫ್ರೇಮ್‌ಗಾಗಿ ಲಿನಕ್ಸ್ ಮಾರ್ಪಾಡುಗಳನ್ನು ಬಿಡುಗಡೆ ಮಾಡಿತು. ನೋಡನೋಡುತ್ತಿದ್ದಂತೆ ವಿಎಂನ ಮುಖ್ಯ ಕೆಲಸವೇ ಲಿನಕ್ಸ್ ಸರ್ವರ್‌ಗಳನ್ನು ನಡೆಸುವುದಾಯಿತು. ಒಂದು ಮಾದರಿ ಯಂತ್ರವನ್ನು ಸಿದ್ಧಮಾಡಿ, ಅದರ ಡಿಸ್ಕ್‌ಗಳನ್ನೂ ಡೈರೆಕ್ಟರಿಯ ವಿವರಣೆಯನ್ನೂ ನಕಲು ಮಾಡಿ ಹತ್ತಾರು ಸರ್ವರ್ ಎಬ್ಬಿಸುವ ಪದ್ಧತಿ ಬೆಳೆಯಿತು. ಇಂಥ ನಕಲಿನಲ್ಲಿ ಒಂದು ಲಿಂಕ್ ಸಾಲು ಹಳೆಯ ಯಂತ್ರದ ಡಿಸ್ಕನ್ನೇ ತೋರಿಸುತ್ತ ಉಳಿದುಬಿಟ್ಟ, ಜೊತೆಗೆ ಅದರ ಮೋಡ್ ಎಂಡಬ್ಲ್ಯು ಆಗಿದ್ದ ಪ್ರಸಂಗವನ್ನು ಈ ಬರಹಗಾರ ಹತ್ತಿರದಿಂದ ಕಂಡದ್ದುಂಟು. ಎರಡು ಲಿನಕ್ಸ್‌ಗಳು ಒಂದೇ ಫೈಲ್ ಸಿಸ್ಟಮನ್ನು ಬರೆಯುವ ಹಕ್ಕಿನಿಂದ ಮೌಂಟ್ ಮಾಡಿದವು. ಯಾವ ಎಚ್ಚರಿಕೆಯೂ ಬರಲಿಲ್ಲ. ಎರಡೂ ತಮ್ಮ ತಮ್ಮ ಮೆಮೊರಿಯಲ್ಲಿದ್ದ ಪ್ರತಿಯನ್ನು ನಂಬಿಕೊಂಡು ಬರೆಯುತ್ತ ಹೋದವು. ಹಾನಿ ಹೊರಗೆ ಕಂಡದ್ದು ಒಂದು ಯಂತ್ರವನ್ನು ಮತ್ತೆ ಶುರು ಮಾಡಿದಾಗ. ಆ ಹೊತ್ತಿಗೆ ರಿಪೇರಿಗೆ ಉಳಿದದ್ದು ಹೆಚ್ಚಿಲ್ಲ, ಬ್ಯಾಕಪ್ ಒಂದೇ ಗತಿಯಾಯಿತು. ಅದೇ ಸಾಲು ಎಂಆರ್ ಆಗಿದ್ದರೆ ಎರಡನೆಯ ಯಂತ್ರಕ್ಕೆ ಓದುವ ಹಕ್ಕು ಮಾತ್ರ ಸಿಕ್ಕಿ, ಅದು ಏಳುವಾಗಲೇ ಎಡವಿ, ತಪ್ಪು ಮೊದಲ ನಿಮಿಷದಲ್ಲೇ ಬಯಲಾಗುತ್ತಿತ್ತು. ಒಳ್ಳೆಯ ಮೋಡ್ ತಪ್ಪನ್ನು ತಪ್ಪಿಸದಿರಬಹುದು, ಆದರೆ ಅದನ್ನು ಬೇಗ ಹೊರಗೆ ಹಾಕುತ್ತದೆ.

ಲಿನಕ್ಸ್‌ಗಳ ನಡುವೆ ಓದಲು ಮಾತ್ರ ಹಂಚಿಕೊಳ್ಳುವುದು ಒಳ್ಳೆಯ ಪದ್ಧತಿಯೇ. ತಂತ್ರಾಂಶಗಳಿರುವ ಡಿಸ್ಕನ್ನು ಒಬ್ಬರು ಸಿದ್ಧಮಾಡಿ, ಉಳಿದವರಿಗೆ ಆರ್‌ಆರ್ ಲಿಂಕ್ ಕೊಟ್ಟು, ಲಿನಕ್ಸಿನ ಕಡೆಯಲ್ಲೂ ಓದಲು ಮಾತ್ರ ಎಂದೇ ಮೌಂಟ್ ಮಾಡಿದರೆ ಹತ್ತಾರು ಸರ್ವರ್‌ಗಳು ಒಂದೇ ಪ್ರತಿಯಿಂದ ಓಡುತ್ತವೆ. ಇಲ್ಲೊಂದು ಸೂಕ್ಷ್ಮ ಇದೆ. ಇಎಕ್ಸ್‌ಟಿ3ಯಂತಹ ಜರ್ನಲ್ ಇರುವ ಫೈಲ್ ಸಿಸ್ಟಮನ್ನು ಸರಿಯಾಗಿ ಅನ್‌ಮೌಂಟ್ ಮಾಡದೆ ಬಿಟ್ಟಿದ್ದರೆ, ಮುಂದೆ ಮೌಂಟ್ ಮಾಡುವವರು ಮೊದಲು ಜರ್ನಲಿನ ಬಾಕಿಯನ್ನು ಡಿಸ್ಕಿಗೆ ಬರೆಯಬೇಕಾಗುತ್ತದೆ. ಬರೆಯುವ ಹಕ್ಕಿಲ್ಲದ ಯಂತ್ರ ಅದನ್ನು ಮಾಡಲಾಗದೆ ಮೌಂಟ್ ಮಾಡುವುದನ್ನೇ ನಿರಾಕರಿಸುತ್ತದೆ. ಆದ್ದರಿಂದ ಒಡೆಯನಾದ ಯಂತ್ರ ಶುದ್ಧವಾಗಿ ಅನ್‌ಮೌಂಟ್ ಮಾಡಿ, ಡಿಸ್ಕನ್ನು ಬಿಟ್ಟುಕೊಟ್ಟ ಮೇಲೆಯೇ ಉಳಿದವರು ಲಿಂಕ್ ಮಾಡಬೇಕು. ಹೊಸ ಆವೃತ್ತಿ ಬಂದಾಗ ಅದೇ ಡಿಸ್ಕಿನ ಮೇಲೆ ತಿದ್ದುವ ಬದಲು ಬೇರೆ ಡಿಸ್ಕ್ ಸಿದ್ಧಮಾಡಿ, ಒಂದೊಂದೇ ಸರ್ವರನ್ನು ಅದಕ್ಕೆ ಬದಲಾಯಿಸುವುದು ಕ್ಷೇಮ.

ಎಂಡಬ್ಲ್ಯು ಎಂಬುದೇ ಕೆಟ್ಟದ್ದಲ್ಲ. ಹಲವರು ಒಟ್ಟಿಗೆ ಬರೆಯುವುದಕ್ಕೆಂದೇ ರಚಿಸಿದ ಕ್ಲಸ್ಟರ್ ಫೈಲ್ ಸಿಸ್ಟಮ್‌ಗಳು, ಹಂಚಿಕೆಯ ಡೇಟಾಬೇಸ್‌ಗಳು ಇವೆ. ತಮ್ಮೊಳಗೇ ಬೀಗ ಹಾಕಿ ಬಿಡಿಸುವ ವ್ಯವಸ್ಥೆ ಅವುಗಳಲ್ಲಿದೆ. ವಿಎಂ ಅಡಿಯಲ್ಲಿ ಓಡುವ ಝೆಡ್/ಓಎಸ್ ಎಂಬ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್‌ಗಳೂ ಡಿಸ್ಕ್ ಹಂಚಿಕೊಳ್ಳುತ್ತವೆ. ಡಿಸ್ಕನ್ನು ಕೆಲಹೊತ್ತು ತನ್ನದೆಂದು ಕಾದಿರಿಸಿ ಆಮೇಲೆ ಬಿಟ್ಟುಕೊಡುವ ರಿಸರ್ವ್, ರಿಲೀಸ್ ಎಂಬ ಆದೇಶಗಳನ್ನು ಅವು ಬಳಸುತ್ತವೆ. ಒಂದೇ ವಿಎಂನ ಗೆಸ್ಟ್‌ಗಳ, ಅಂದರೆ ಅದರಡಿ ಓಡುವ ವ್ಯವಸ್ಥೆಗಳ, ನಡುವೆ ಈ ಆದೇಶಗಳಿಗೆ ಸಿಪಿ ಬೆಲೆ ಕೊಡಬೇಕಾದರೆ ಡಿಸ್ಕಿನ ಒಡೆಯನ ಎಂಡಿಸ್ಕ್ ಸಾಲಿನಲ್ಲಿ ಮೋಡಿನ ಕೊನೆಗೆ ವಿ ಸೇರಿಸಿ ಎಂಡಬ್ಲ್ಯುವಿ ಎಂದು ಬರೆಯಬೇಕು. ಆ ಒಂದಕ್ಷರ ಬಿಟ್ಟುಹೋದರೆ ಗೆಸ್ಟ್‌ಗಳು ಹಾಕಿಕೊಂಡ ಬೀಗ ಬರೀ ಹೆಸರಿಗೆ ಉಳಿಯುತ್ತದೆ. ಈ ವಿಎಂನ ಹೊರಗಿನ ಬೇರೆ ಯಂತ್ರವೂ ಅದೇ ವಾಲ್ಯೂಮಿಗೆ ಬರೆಯುತ್ತಿದ್ದರೆ ಇಡೀ ವಾಲ್ಯೂಮನ್ನೇ ಒಂದು ಮಿನಿಡಿಸ್ಕಾಗಿ ಕೊಡಬೇಕು, ಅದನ್ನು ಹಂಚಿಕೆಯದೆಂದು ಸಿಪಿಗೆ ತಿಳಿಸಬೇಕು. ಓದಿದ್ದನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳುವ ಮಿನಿಡಿಸ್ಕ್ ಕ್ಯಾಶ್ ಕೂಡ ಅಲ್ಲಿ ಇರಬಾರದು. ಹೊರಗಿನವರು ಬರೆದದ್ದು ಈ ಸಿಪಿಗೆ ತಿಳಿಯದೆ ಹೋಗಿ, ಕ್ಯಾಶಿನಲ್ಲಿದ್ದ ಹಳೆಯ ಪ್ರತಿಯನ್ನೇ ಅದು ಓದುವವರಿಗೆ ಕೊಟ್ಟುಬಿಡುತ್ತದೆ.

ಎರಡು ವಿಎಂ ವ್ಯವಸ್ಥೆಗಳು ಒಂದೇ ವಾಲ್ಯೂಮನ್ನು ಕಂಡಾಗ ಎಂಆರ್ ಕೂಡ ಸಾಲದು. ಒಂದು ಸಿಪಿಗೆ ಇನ್ನೊಂದರ ಲಿಂಕ್‌ಗಳು ತಿಳಿಯದಿದ್ದರೆ, ಎರಡೂ ಕಡೆ ತಲಾ ಒಬ್ಬರಿಗೆ ಬರೆಯುವ ಹಕ್ಕು ಸಿಗುತ್ತದೆ, ಎರಡೂ ಸಿಪಿಗಳು ನಿಯಮ ಪಾಲಿಸಿದ ಹಾಗೆಯೇ ಇರುತ್ತದೆ. ಕ್ರಾಸ್ ಸಿಸ್ಟಮ್ ಎಕ್ಸ್‌ಟೆನ್ಷನ್ಸ್ ಎಂಬ ಹಳೆಯ ಸೌಲಭ್ಯ ಲಿಂಕ್‌ಗಳ ದಾಖಲೆಯನ್ನು ವಾಲ್ಯೂಮಿನ ಮೇಲೆಯೇ ಇಟ್ಟು ಇದನ್ನು ತಡೆಯುತ್ತಿತ್ತು. 2011ರಲ್ಲಿ ಬಂದ ಝೆಡ್/ವಿಎಂ 6.2, ನಾಲ್ಕು ವ್ಯವಸ್ಥೆಗಳವರೆಗೆ ಒಂದೇ ಕುಟುಂಬವಾಗಿ ನಡೆಸುವ ಸಿಂಗಲ್ ಸಿಸ್ಟಮ್ ಇಮೇಜ್ ತಂದಿತು. ಅದರಲ್ಲಿ ಡೈರೆಕ್ಟರಿ ಎಲ್ಲರಿಗೂ ಒಂದೇ, ಲಿಂಕ್ ಮೋಡಿನ ಪರಿಶೀಲನೆಯೂ ಎಲ್ಲ ಸದಸ್ಯರಿಗೂ ಸೇರಿಸಿಯೇ ನಡೆಯುತ್ತದೆ. ಓಡುತ್ತಿರುವ ಲಿನಕ್ಸನ್ನು ಒಂದು ಸದಸ್ಯ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಸೌಲಭ್ಯಕ್ಕೆ ಈ ಕಟ್ಟುನಿಟ್ಟು ಬುನಾದಿಯಾಯಿತು.

ಇಷ್ಟೆಲ್ಲ ಅನುಭವದಿಂದ ಬದಲಾವಣೆಗೆ ಒಂದು ಕ್ರಮ ಗಟ್ಟಿಯಾಯಿತು. ಮೊದಲು ಡೈರೆಕ್ಟರಿಯ ಮೂಲ ಫೈಲಿನ ಪ್ರತಿ ತೆಗೆದಿಡುವುದು. ಡಿಸ್ಕ್‌ಮ್ಯಾಪ್ ನೋಡಿ ಖಾಲಿ ಜಾಗ ಖಚಿತಪಡಿಸಿಕೊಳ್ಳುವುದು. ವಾಲ್ಯೂಮಿನ ಲೇಬಲ್ ಸರಿಯಿದೆಯೇ, ನಕಲು ಮಾಡಿದ ವಾಲ್ಯೂಮೊಂದು ಅದೇ ಲೇಬಲ್ ಹೊತ್ತು ಕುಳಿತಿದೆಯೇ ಎಂದು ನೋಡುವುದು. ಎರಡಕ್ಕೂ ಒಂದೇ ಲೇಬಲ್ ಇದ್ದರೆ ಸಿಪಿ ತಪ್ಪು ವಾಲ್ಯೂಮ್ ಹಿಡಿಯುವ ಭಯವಿದೆ. ಸಾಲು ಬರೆದ ಮೇಲೆ ಡೈರೆಕ್ಟ್‌ಎಕ್ಸ್‌ಎಯನ್ನು ಎಡಿಟ್ ಆಯ್ಕೆಯೊಂದಿಗೆ ಓಡಿಸಿ ವ್ಯಾಕರಣ ಮಾತ್ರ ಪರೀಕ್ಷಿಸುವುದು, ಡಿಸ್ಕ್‌ಮ್ಯಾಪನ್ನು ಮತ್ತೊಮ್ಮೆ ಓಡಿಸುವುದು, ಆಮೇಲೆ ಚಾಲ್ತಿಗೆ ತರುವುದು. ಲಾಗಾನ್ ಆಗಿರುವ ಯಂತ್ರ ತನ್ನ ಹಳೆಯ ಡಿಸ್ಕ್‌ಗಳನ್ನೇ ಹಿಡಿದುಕೊಂಡಿರುತ್ತದೆ, ಹೊಸ ಸಾಲು ಮುಂದಿನ ಲಾಗಾನ್‌ನಲ್ಲಿ ಕಾಣುತ್ತದೆ ಎಂಬುದನ್ನು ಮರೆಯಬಾರದು. ಕೊನೆಗೆ ಕ್ವೆರಿ ಲಿಂಕ್ಸ್ ಆದೇಶದಿಂದ ಆ ಡಿಸ್ಕಿಗೆ ಯಾರ್‍ಯಾರು, ಯಾವ ಹಕ್ಕಿನಿಂದ ಲಿಂಕ್ ಆಗಿದ್ದಾರೆ ಎಂದು ನೋಡಿ, ಬರೆಯುವ ಹಕ್ಕಿನ ಹೆಸರು ಒಂದೇ ಇದೆ ಎಂದು ಖಚಿತಪಡಿಸಿಕೊಂಡರೆ ಕೆಲಸ ಮುಗಿದಂತೆ.

ಇಂದು ಈ ಹಂತಗಳಲ್ಲಿ ಹಲವನ್ನು ತಂತ್ರಾಂಶಗಳೇ ಮಾಡುತ್ತವೆ. ಕ್ಲೌಡ್‌ಗಳಲ್ಲಿ ವರ್ಚುವಲ್ ಯಂತ್ರ ಎಬ್ಬಿಸುವವರಿಗೆ ಸಿಲಿಂಡರ್ ಎಂಬ ಮಾತೇ ಎದುರಾಗುವುದಿಲ್ಲ. ಆದರೂ ಒಂದೇ ಡಿಸ್ಕನ್ನು ಎರಡು ಯಂತ್ರಗಳಿಗೆ ಜೋಡಿಸುವ ಅವಕಾಶ ಅಲ್ಲಿಯೂ ಇದೆ, ಸಾಮಾನ್ಯ ಫೈಲ್ ಸಿಸ್ಟಮ್ ಅಲ್ಲಿಯೂ ಅದೇ ರೀತಿ ಹಾಳಾಗುತ್ತದೆ. ಈ ಎರಡಕ್ಷರದ ಮೋಡ್‌ಗಳು ಕಲಿಸುವುದು ಯಾವ ವ್ಯವಸ್ಥೆಗಾದರೂ ಹೊಂದುತ್ತದೆ. ಯಂತ್ರ ಕಾಯುವುದು ಬಾಗಿಲನ್ನು ಮಾತ್ರ. ಒಳಗೆ ಯಾರು ಬರೆಯಬೇಕು ಎಂಬ ತೀರ್ಮಾನವನ್ನು ಮನುಷ್ಯರು ಮೊದಲೇ ಮಾಡಿ, ಡೈರೆಕ್ಟರಿಯಲ್ಲಿ ತಪ್ಪಿಲ್ಲದೆ ಬರೆದಿಡಬೇಕು.